ಪತಂಗದ ಪಾಲು

ಸಕಲೇಶಪುರದ ಸಿಮೆಟ್ರಿಯಲ್ಲಿ ಅದಕ್ಕೊಂದು ಹೆಸರಿರಲಿಲ್ಲ.
ಕತ್ತಾಳೆ ಅಂದರು ಕೆಲವರು, ಕಾಡು ಅನಾನಸು ಅಂದರು ಕೆಲವರು.
ಮೇಯಲು ಬಂದ ಆಡು ಮೂಗು ಚುಚ್ಚಿಸಿಕೊಂಡು
ಗೋಡೆಯಾಚೆ ನಿಂತು ಬೈದ ಹಾಗೆ ಕೂಗಿತು.
ಲಾದ್ರು ಮಾತ್ರ ಅದನ್ನು ‘ಅವಳು’ ಅನ್ನುತ್ತಿದ್ದ.

ಲಾದ್ರು ಗುಂಡಿ ತೋಡುವವನು.
ಸತ್ತವರ ಹಬ್ಬಕ್ಕೆ ಮುಂಚೆ
ಅರ್ಧ ಡಬ್ಬಿ ಕಪ್ಪು ಪೇಂಟು, ಒಂದು ಸಣ್ಣ ಬ್ರಷ್ಷು ಹಿಡಿದು
ಶಿಲುಬೆಗಳ ಮೇಲೆ ಮಾಸಿದ ಹೆಸರು ತಿದ್ದುವವನು.
ಓದು ಬಾರದು. ಗೆರೆ ಕಂಡಲ್ಲಿ ಗೆರೆ ಎಳೆಯುತ್ತಾನೆ.
ಹೀಗೆ ನನ್ನ ದೊಡ್ಡಮ್ಮ ಪೌಲಿನಾ
ಒಂದು ಸುಳಿ ಕಳೆದುಕೊಂಡು ಪಾಲಿನಾ ಆದಳು.
ಯಾರೂ ತಕರಾರು ಎತ್ತಲಿಲ್ಲ. ಅವಳೂ.

ನಾವು ಪಿಯುಸಿ. ಬಾಟನಿಗೆ ಶಕೀಲಾ ಮೇಡಂ.
ಆಳೆತ್ತರದ ದಂಟು, ನೂರು ಬಿಳಿ ಗಂಟೆ, ಎಲ್ಲ ತಲೆತಗ್ಗಿಸಿ.
“ಯುಕ್ಕಾ. ಮೆಕ್ಸಿಕೋ ಬೆಟ್ಟದ ಕಾಡುಗಿಡ.
ಅಲ್ಲಿ ಒಂದು ಬಿಳಿ ಪತಂಗ, ಅಕ್ಕಿಕಾಳಿಗಿಂತ ಚೂರು ದೊಡ್ಡದು.
ರಾತ್ರಿ ಬಂದು ಪರಾಗ ಉಂಡೆ ಕಟ್ಟಿ, ಗದ್ದದಡಿ ಇಟ್ಟುಕೊಂಡು,
ಇನ್ನೊಂದು ಹೂವಿಗೆ ಒತ್ತಿ, ಅಲ್ಲೇ ಮೊಟ್ಟೆ ಇಡತ್ತೆ.
ಮರಿಗಳು ಒಂದಿಷ್ಟು ಬೀಜ ತಿನ್ನತ್ವೆ. ಅದು ಕೂಲಿ.
ಇಲ್ಲಿಗೆ ಗಿಡ ಬಂತು, ಪತಂಗ ಬರಲಿಲ್ಲ.
ಹೂ ಬಿಡತ್ತೆ, ಉದುರತ್ತೆ. ಕಾಯಿಲ್ಲ. ಬರ್ಕೊಳ್ಳಿ.”

ಬರೆದುಕೊಂಡೆವು.
ಸಲಿಕೆಯ ಹಿಡಿಗೆ ಗಲ್ಲ ಊರಿ ಲಾದ್ರು ಕೇಳುತ್ತಿದ್ದ.

ಆ ರಾತ್ರಿ ಗೂಡ್ಸು ರೈಲು ಘಾಟಿ ಇಳಿಯುವ ಹೊತ್ತಿಗೆ
ಗೋರಿಗಳ ನಡುವೆ ಒಂದು ಲಾಟೀನು, ಒಂದು ಏಣಿ.
ಸೀಮೆಎಣ್ಣೆಯಲ್ಲಿ, ಆಮೇಲೆ ಸೋಪಿನಲ್ಲಿ ತೊಳೆದ
ಅದೇ ಬ್ರಷ್ಷು, ಹೂವಿನ ಬಾಯೊಳಗೆ.
ಗೆರೆಯೇ ಇಲ್ಲದ ಕಡೆ ಏನೆಂದು ತಿದ್ದಿದನೋ.
ಒಂಬತ್ತು ರಾತ್ರಿ.

ನೂರರಲ್ಲಿ ಒಂದು ಕಾಯಿ ಕಟ್ಟಿತು.
ಒಣಗಿ ಬಿರಿದದ್ದನ್ನು ಕರ್ಚೀಫಿನಲ್ಲಿ ತಂದು
ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಚ್ಚಿದ:
ಒಂದರ ಮೇಲೊಂದು ಪೇರಿಸಿದ ಕಪ್ಪು ಬಿಲ್ಲೆಗಳು,
ಪೇಂಟಿಗಿಂತ ಕಪ್ಪು.
ಮೇಡಂ ಎಣಿಸಿದರು. ನೂರಾ ಹನ್ನೊಂದು.
ಒಂದಕ್ಕೂ ಹುಳ ಬಾಯಿ ಹಾಕಿರಲಿಲ್ಲ.
“ಪೂರ್ತಿ ನಿಂದೇ ಕಣೋ ಲಾದ್ರು” ಅಂದು ನಕ್ಕರು.

ಅವನು ನಗಲಿಲ್ಲ.
ಒಂದು ಚಿಟಿಕೆ ಬೇರೆ ತೆಗೆದು
ನಶ್ಯದ ಡಬ್ಬಿಗೆ ಹಾಕಿಕೊಂಡ.
“ಇದು ಅದರ ಮಕ್ಕಳದ್ದು, ಮೇಡಂ.
ನಾನು ಬದಲಿ ಆಳು.”

ಮೊನ್ನೆ ಹೋಗಿದ್ದೆ.
ಅವನ ಶಿಲುಬೆಯ ಹೆಸರು ಮಾಸಿದೆ, ತಿದ್ದುವವರಿಲ್ಲ.
ಅವಳ ಬುಡದಲ್ಲಿ ಚೂಪು ಎಲೆಯ ಮರಿ, ಏಳೆಂಟು.
ಬೀಜದ್ದೋ ಬೇರಿನದ್ದೋ, ನನಗೆ ಗೊತ್ತಾಗಲಿಲ್ಲ.
ಗೋಡೆಯ ಬಿರುಕಿನಲ್ಲಿ ತುಕ್ಕು ಹಿಡಿದ ಡಬ್ಬಿ,
ಮುಚ್ಚಳ ಒಂದಿಷ್ಟು ಸರಿಸಿಟ್ಟಿದೆ,
ಅಕ್ಕಿಕಾಳಿಗಿಂತ ಚೂರು ಹೆಚ್ಚು.