ನೆಗೆಟಿವ್ ಅಂದರೆ

ಮ್ವಾಂಜಾದ ಆಸ್ಪತ್ರೆಯ ಹಿಂಬದಿ,
ಶವಾಗಾರಕ್ಕೂ ಅಡುಗೆಮನೆಗೂ ನಡುವೆ ನನ್ನ ಲ್ಯಾಬು.
ಒಂದೇ ಕಿಟಕಿ. ಅದರಾಚೆ ಸರೋವರ,
ಬೆಳಗಿನ ಜಾವಕ್ಕೆ ದಡ ಸೇರುವ
ದಗಾ ಮೀನಿನ ದೋಣಿಗಳ ಲಾಟೀನು.

ಮಗುವಿಗಿನ್ನೂ ಹೆಸರಿಲ್ಲ. ಚೀಟಿಯಲ್ಲಿ ಇಷ್ಟೇ:
ಕಬುಲಾಳ ಗಂಡುಕೂಸು, ತೊಟ್ಟಿಲು ಆರು, ನಾಲ್ಕು ದಿನ,
ಹಾಲು ಹಿಡಿಯುತ್ತಿಲ್ಲ, ಮೈ ತಣ್ಣಗೆ.
ಬಾಟಲಿಯಲ್ಲಿ ಅರ್ಧ ಚಮಚೆಯಷ್ಟೂ ಇರದ ರಕ್ತ.
ಅಷ್ಟು ತೆಗೆಯಲು ಮೂರು ಸಲ ಚುಚ್ಚಿದಳಂತೆ ನರ್ಸ್ ನ್ಯಾಮಿಜಿ,
ಮೂರನೆಯ ಸಲ ಅಳಲಿಲ್ಲವಂತೆ.
ಅದೊಂದನ್ನು ಅವಳು ಮತ್ತೆ ಮತ್ತೆ ಹೇಳಿದಳು.

ಒಂದು ರಾತ್ರಿ ಕಾವಿಗಿಟ್ಟೆ. ಬೆಳಗ್ಗೆ ಬಾಟಲಿ
ಗಂಜಿತಿಳಿಯ ಹಾಗೆ ಮಬ್ಬು.
ಗಾಜಿನ ಮೇಲೊಂದು ಹನಿ ಸವರಿ, ಉರಿಗೆ ತೋರಿಸಿ,
ನೇರಳೆ ಹೊಯ್ದೆ. ಮೇಲೆ ಅಯೋಡಿನ್.
ಆಮೇಲೆ ಸ್ಪಿರಿಟ್ಟು. ನಿಜವಾದ ಪರೀಕ್ಷೆ ಇಲ್ಲೇ.
ಕೆಲವು ಜೀವಿಗಳು ಕೊಟ್ಟ ಬಣ್ಣವನ್ನು ಬಿಡುವುದಿಲ್ಲ,
ಜಿಪುಣನ ಮುಷ್ಟಿ.
ಇವು ಹಾಗಲ್ಲ. ತೊಳೆದೊಡನೆ ಬಿಟ್ಟುಕೊಟ್ಟವು ನೇರಳೆಯನ್ನೆಲ್ಲ,
ತಮಗೂ ಅದಕ್ಕೂ ಪರಿಚಯವೇ ಇಲ್ಲ ಎನ್ನುವ ಹಾಗೆ.
ಕೊನೆಗೆ ಕೆಂಪು ಹಾಕಿ ಕಣ್ಣಿಟ್ಟರೆ
ಗುಲಾಬಿ ಗುಲಾಬಿ, ನುಚ್ಚಕ್ಕಿಯಂಥ ಕುಳ್ಳ ಕಡ್ಡಿಗಳು.

ಗ್ರಾಮ್ ನೆಗೆಟಿವ್.

ವಾರ್ಡಿಗೆ ಫೋನಿನಲ್ಲಿ ಹೇಳಿದ್ದು
ಬಾಗಿಲಲ್ಲಿ ಕೂತಿದ್ದ ಕಬುಲಾಳ ಕಿವಿಗೆ ಬಿತ್ತು.
ಹಾಲು ಸೋರಿ ಎದೆಯ ಕಿತೆಂಗೆ ಒದ್ದೆ.
"ನೆಗೆಟಿವಾ?" ಎದ್ದು ನಿಂತಳು. ನಕ್ಕಳು.
ಎರಡೂ ಕೈ ಎತ್ತಿ ದೇವರ ಹೆಸರು ಹೇಳಿದಳು.
ಬಸುರಿನ ಒಂಬತ್ತು ತಿಂಗಳೂ ಅವಳಿಗೆ
ಆ ಪದವೇ ಸಿಹಿಸುದ್ದಿ ತಂದದ್ದು.

ಇಲ್ಲಮ್ಮ, ಅಂದೆ. ಈ ನೆಗೆಟಿವ್ ಅಂದರೆ ಇಲ್ಲ ಅಂತಲ್ಲ.
ಇದೆ ಅಂತ. ಬಣ್ಣ ಹಿಡಿಯದೆ ಇದೆ ಅಂತ.
ಅಂಗಿಯ ಮೇಲಂಗಿ ತೊಟ್ಟಿದೆ,
ಎಷ್ಟೋ ಮದ್ದು ಹೊರಗಿನದರಲ್ಲೇ ತಡೆದು ನಿಲ್ಲುತ್ತದೆ ಅಂತ.
ಅವಳ ನಗು ತಟ್ಟನೆ ಹೋಗಲಿಲ್ಲ.
ತುಟಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ತಟ್ಟೆಯಲ್ಲಿ ಮಾರನೆಯ ದಿನ ಮಿರುಗುವ ಗುಳ್ಳೆಗಳು,
ತಂತಿ ತಾಗಿಸಿ ಎತ್ತಿದರೆ ಬೆಂಡೆಯ ಲೋಳೆ.
ಕ್ಲೆಬ್ಸಿಯೆಲ್ಲಾ. ಹೆಸರು ಮಾತ್ರ ಯಾರೋ ಹುಡುಗಿಯದು.
ಔಷಧದ ಬಿಲ್ಲೆಗಳನ್ನು ಅದರ ಹೊಲದ ಮೇಲಿಟ್ಟು
ಇನ್ನೊಂದು ರಾತ್ರಿ ಕಾದೆ.
ನಡುವೆ ಕರೆಂಟು ಹೋಗಿ, ಪೆಟ್ಟಿಗೆಗೆ ಕಂಬಳಿ ಹೊದಿಸಿ
ಕಾವಿಗೆ ಕೂತ ಕೋಳಿಯಂತೆ ನಾನು.

ಆಂಪಿಸಿಲಿನ್: ಬಿಲ್ಲೆಯ ಅಂಚಿಗೂ ಒತ್ತಿ ಬೆಳೆದಿದೆ.
ಜೆಂಟಾಮೈಸಿನ್: ಅದೇ ಕತೆ. ಮಗುವಿಗೆ ಕೊಡುತ್ತಿದ್ದದ್ದು ಅವೆರಡೇ.
ಸೆಫ್‌ಟ್ರಿಯಾಕ್ಸೋನ್: ಅದೂ.
ಅಮಿಕಾಸಿನ್ ಸುತ್ತ ಮಾತ್ರ ಒಂದು ಬಯಲು,
ಚಂದ್ರನಿಗೆ ಕಟ್ಟಿದ ಬಳೆ.
ಅಡ್ಡಪಟ್ಟಿ ಇಟ್ಟೆ: ಇಪ್ಪತ್ತೊಂದು ಮಿಲಿಮೀಟರ್.
ಓಡಿದೆ.

ಆರನೆಯ ತೊಟ್ಟಿಲಲ್ಲಿ ಮಡಚಿಟ್ಟ ಬಟ್ಟೆ.

ಏಳನೆಯದರಲ್ಲಿ ಮೀನುಗಾರ ಮಸಾಂಜನ ಮಗಳು,
ನಿನ್ನೆಯಿಂದ ಹಾಲು ಬಿಟ್ಟವಳು, ಮೈ ತಣ್ಣಗೆ.
ಅದೇ ನಲ್ಲಿ, ಅದೇ ಹೀರುನಳಿಕೆ, ಅವೇ ಕೈಗಳು.
ಡಾಕ್ಟರ್ ಲುಹೆಂಡೆ ನನ್ನ ಚೀಟಿ ಓದಿದ,
ಆರು ಹೊಡೆದು ಏಳು ಬರೆದ.
"ಅಮಿಕಾಸಿನ್. ಈಗಲೇ."

ಐದನೆಯ ದಿನ ಅವಳು ಅತ್ತದ್ದು ಲ್ಯಾಬಿಗೂ ಕೇಳಿಸಿತು.
ಆರರ ಋಣವನ್ನು ಏಳಕ್ಕೆ ಯಾರೂ ಹೇಳಲಿಲ್ಲ.

ವಾರ ಕಳೆದು ಕಬುಲಾ ಬಂದಳು.
ಕಾಗದ ಬೇಡ, ಅದನ್ನು ನೋಡಬೇಕು, ಅಂದಳು.
ಗಾಜು ಇನ್ನೂ ಇತ್ತು. ಕೂರಿಸಿದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
"ಇಷ್ಟೇನಾ," ಅಂದಳು.
ಹೋಗುವಾಗ ಬಾಗಿಲ ಬಳಿ ಕೈ ತೊಳೆದಳು,
ಮೊಣಕೈವರೆಗೂ, ತಿಕ್ಕಿ ತಿಕ್ಕಿ.
ನಲ್ಲಿ ನಾನೇ ನಿಲ್ಲಿಸಿದೆ.