ಡಾಂಬರಿನ ಡ್ರಮ್ಮು

ಕಾಜುಬಾಗದ ಈ ರಸ್ತೆಯ ಚರಿತ್ರೆ ಬೇಕೆಂದರೆ
ನಗರಸಭೆಗೆ ಹೋಗಬೇಡಿ, ಫೈಲು ಗೆದ್ದಲಿಗಾಯಿತು.
ಈ ಡ್ರಮ್ಮಿನ ಬಣ್ಣ ಕೆರೆದು ನೋಡಿ.

ತಳದಲ್ಲಿ ಕರಿ ಡಾಂಬರು:
ಪೈಪಿಗೆಂದು ಅಗೆದ ವರ್ಷ, ನಾನೇ ಅಡ್ಡ ಇಟ್ಟದ್ದು.
ಗುಂಡಿ ಮುಚ್ಚಿದರು. ಡ್ರಮ್ಮು ಒಯ್ಯಲು ಯಾರೂ ಬರಲಿಲ್ಲ.
ಆ ಭಾನುವಾರ ಮಕ್ಕಳು ಲಗೋರಿಗೆ ಹಂಚಿನ ಚೂರು ತಂದರು,
ಟೆಂಪೋದವರು ಬೈದು, ಸುತ್ತಿ ಹೋದರು.

ಅದರ ಮೇಲೆ ಕೆಂಪು ಬಿಳಿ ಪಟ್ಟೆ:
ಕಮಿಟಿಯಾಯಿತು, ಹೆಸರಾಯಿತು,
ನನಗೊಂದು ಸೀಟಿ ಕೊಟ್ಟರು.
ಆಮೇಲೆ ಹಸಿರು, ಸೊಸೈಟಿಯ ಜಾಹೀರಾತು:
ಮೈಕು, ಜುಂಬಾ, ಗೋಬಿ ಮಂಚೂರಿ,
ಆಡಲು ಜಾಗವಿಲ್ಲದೆ ಮಕ್ಕಳು ಮತ್ತೆ ಗಟಾರದ ಕಟ್ಟೆಗೆ.

ಇಲ್ಲೊಂದು ನೆಗ್ಗು.
"ಐದೇ ನಿಮಿಷ, ಸಾಹೇಬರ ಗಾಡಿ" ಅಂದರು. ಸೀಟಿ ಊದಿದೆ.
ಮುಂದಿನ ವಾರ ಕಾರ್ಯಕ್ರಮವೇ ಇರಲಿಲ್ಲ.

ಎರಡು ವರ್ಷ ಬರೀ ತುಕ್ಕು.

ಮತ್ತೆ ಶುರು ಮಾಡಿದ್ದು ದುರ್ಗಿ ಹರಿಕಂತ್ರ.
ಒಂದು ಮುಂಜಾನೆ ಬಂಗಡೆಯ ಬುಟ್ಟಿ ಕೆಳಗಿಟ್ಟು
ಒಬ್ಬಳೇ ಡ್ರಮ್ಮು ಉರುಳಿಸಿಕೊಂಡು ಬಂದಳು.
ಯಾಕೆ ಮಾರಾಯ್ತಿ ಅಂದೆ.
ಮೂವತ್ತು ವರ್ಷ ಅಂಚಿನ ಜಲ್ಲಿ ತುಳಿದವಳು
ಸೆರಗಿನಿಂದ ತುಕ್ಕು ಒರೆಸಿಕೊಳ್ಳುತ್ತ ಅಂದಳು:
"ನಡುರಸ್ತೆ ಎಷ್ಟು ನುಣುಪು ಅಂತ
ಕಾಲಿಗೆ ಗೊತ್ತಾಗಿಬಿಟ್ಟಿದೆಯಲ್ಲ."

ಈಗ ಹೆಸರಿಲ್ಲ, ಬ್ಯಾನರಿಲ್ಲ.
ಆರರಿಂದ ಒಂಬತ್ತು.
ಆಂಬುಲೆನ್ಸ್ ಬಂದರೆ ಲಗೋರಿಯೇ ಪಕ್ಕಕ್ಕೆ ಸರಿಯುತ್ತದೆ.
ಮೊನ್ನೆ ಯಾರೋ ಹೊಸ ಬಣ್ಣದ ಡಬ್ಬಿ ಹಿಡಿದು ಬಂದಿದ್ದರು,
ಡ್ರಮ್ಮು ಎಲ್ಲಿ ಎಂದು ಕೇಳಿದರು.
ಇಡೀ ಕೇರಿಗೆ ಗೊತ್ತಿರಲಿಲ್ಲ.
ರೋಜಾಲಿನ್ ಬಾಯಿಯ ಹಿತ್ತಲಲ್ಲಿ
ಹಳೇ ಬಲೆ ಹೊದ್ದು ಮಲಗಿತ್ತು.