ನಗಣ್ಯ

ಪುಟಕ್ಕೆ ತೊಂಬತ್ತು ರೂಪಾಯಿಯಂತೆ
ಇಪ್ಪತ್ತೆಂಟು ಪುಟ, ಸೋಮವಾರದೊಳಗೆ.
ಚಾಮುಂಡಿಪುರಂನ ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ಫಾಲಾಕ್ಷ ಕಡತ ಕೈಗಿಟ್ಟು ಹೇಳಿದ:
'ಪರಿಸರದ ವರದಿ, ಮೇಡಂ. ಕನ್ನಡ ಸರಳ ಇರಲಿ,
ಜನ ಓದಬೇಕು. ಓದದಿದ್ದರೂ
ಓದುವ ಹಾಗಿತ್ತು ಅಂತ ಕಾಣಬೇಕು.'

ಆರು ಪಥದ ರಸ್ತೆ, ಲೋಕಪಾವನಿಯ ಮೇಲೊಂದು ಸೇತುವೆ,
ಸೀಗೆಕೊಪ್ಪಲಿನ ಗೋಮಾಳದಲ್ಲಿ ಮೂವತ್ತೊಂದು ಎಕರೆ
ಜಲ್ಲಿಗೆ, ಡಾಂಬರಿಗೆ, ಲಾರಿಗಳ ರಾತ್ರಿಗೆ.

ಮೊದಲ ದಿನ ಸಲೀಸು.
ಧೂಳು ಧೂಳೇ. 'ನೀರು ಚಿಮುಕಿಸಲಾಗುವುದು.' ಚಿಮುಕಿಸಿದೆ.
ಸದ್ದಿನ ಅಧ್ಯಾಯದಲ್ಲಿ ಸಿಕ್ಕಿಕೊಂಡೆ:
ಶಾಲೆ, ಹೆರಿಗೆ ಆಸ್ಪತ್ರೆ, ಮಲಗಿದವರ ಕಿವಿ
ಎಲ್ಲಕ್ಕೂ ಒಂದೇ ಪದ, ರಿಸೆಪ್ಟರ್.
ನಿಘಂಟು 'ಗ್ರಾಹಕ' ಎಂದಿತು. ನಗು ಬಂತು.
ಸದ್ದನ್ನು ಯಾರು ಕೊಂಡಾರು,
ಚೌಕಾಸಿ ಮಾಡಿದರೆ ಕಡಿಮೆ ಕೊಟ್ಟಾರೆಯೇ?
'ಕೇಳಿಸಿಕೊಳ್ಳಬೇಕಾದವರು' ಎಂದು ಬರೆದೆ.
ತಿದ್ದುವಾಗ ಫಾಲಾಕ್ಷ ಗ್ರಾಹಕರನ್ನೇ ಮರಳಿ ಕೂರಿಸಿದ.

ಹದಿನೇಳನೆಯ ಪುಟ. ಜೀವವೈವಿಧ್ಯ.
ಕೊಕ್ಕರೆ, ಮುಂಗುಸಿ, ಕೇರೆಹಾವು,
ಆಮೇಲೆ, ಒಂದು ಉಸಿರೂ ಬಿಡದೆ, ಕಡಲಾಮೆ.
ಮಂಡ್ಯದಲ್ಲಿ ಕಡಲಾಮೆ!
ಯಾವುದೋ ಬಂದರಿನ ವರದಿಯಿಂದ ತೆವಳಿಕೊಂಡು
ಘಟ್ಟ ಹತ್ತಿ, ಕಬ್ಬಿನ ಗದ್ದೆ ಹಾದು
ಬಂದಿದೆ ಪಾಪ, ಮೊಟ್ಟೆಯಿಡಲು ಮರಳು ಹುಡುಕುತ್ತ.
ನೀರುನಾಯಿ ಇರಲಿಲ್ಲ ಪಟ್ಟಿಯಲ್ಲಿ.

ಅದರ ಕೆಳಗೆ ಒಂದು ಸಾಲು: ಪರಿಣಾಮ ನೆಗ್ಲಿಜಿಬಲ್.
'ನಗಣ್ಯ' ಎಂದು ಒತ್ತಿದೆ. ಬೆರಳು ನಿಂತವು.
ಗಣ್ಯರೆಂದರೆ ವೇದಿಕೆಯ ಮೇಲೆ ಕೂರುವವರು.
ನಗಣ್ಯವೆಂದರೆ
ಎಣಿಕೆಗೆ ಸಿಗದ್ದೋ,
ಎಣಿಸಲು ಯಾರೂ ಹೋಗದ್ದೋ?

ಭಾನುವಾರ ಪಾಂಡವಪುರದ ಬಸ್ಸು ಹತ್ತಿದೆ, ಅಲ್ಲಿಂದ ಗೂಡ್ಸ್ ಆಟೋ.
'ಬಂಜರು' ಎಂದು ನಾನೇ ಕನ್ನಡಿಸಿದ್ದ ನೆಲದಲ್ಲಿ
ಹನ್ನೊಂದು ಕುರಿ ಬಿಟ್ಟುಕೊಂಡು
ಎಕ್ಕದ ಗಿಡದ ಬದಿಗೆ ಕೂತಿದ್ದರು ಕೆಂಪಾಜಮ್ಮ.
ಓದಿ ಹೇಳಿದೆ. ಎಲೆಯಡಿಕೆ ಅಗಿಯುತ್ತ ಕೇಳಿದರು.
'ಬಂಜ್ರು ಅಂತ ಬರ್ದೋರು ಯಾರವ್ವ?
ಮಳೆ ಬಿದ್ದ ಎಂಟ್ ದಿನಕ್ಕೆ ಬಂದ್ ನೋಡಾಕ್ ಯೋಳು.'
ನಾನೇ ಎನ್ನಲಿಲ್ಲ.

ಹೊಳೆಗೆ ಕರೆದೊಯ್ದು ಬಂಡೆಯ ಮೇಲೆ
ಒಣಗಿದ ಹಿಕ್ಕೆ ತೋರಿಸಿದರು.
ಒಳಗೆ ಮೀನಿನ ಹುರುಪೆ ಮಿನುಗುತ್ತಿತ್ತು.
'ನೀರ್ನಾಯಿ ಕಣವ್ವ. ಮೂರ್ ಮರಿ ಕರ್ಕಂಡ್ ಬತ್ತದೆ.
ಮೀನ್ ಹಿಡ್ಯೋರ್ ಬಲೆ ಹರ್ದು ಬೈಸ್ಕತದೆ.'
ಆಮೇಲೆ ಕೇಳಿದರು: 'ಸಭೆ ಯಾವತ್ತು?'
ಬರುವ ತಿಂಗಳ ಒಂಬತ್ತು, ಎಂದೆ.
'ಅಮಾಸೆ ಕಳ್ದ್ ಮೂರ್ ದಿನಕ್ಕಾ? ಕುರಿ ಯಾರ್ಗಾರಾ ಒಪ್ಸಿ ಬತ್ತೀನಿ.'

ಹದಿನೇಳನೆಯ ಪುಟಕ್ಕೆ ಅಡಿಟಿಪ್ಪಣಿ ಸೇರಿಸಿದೆ:
ಕಡಲಾಮೆ ಇಲ್ಲ. ನೀರುನಾಯಿ, ನಾಲ್ಕು.

ಸೋಮವಾರ ಫಾಲಾಕ್ಷ ಕಡತ ಬಿಚ್ಚಲೂ ಇಲ್ಲ.
'ಕಾನೂನು ಬದಲಾಯ್ತು ಮೇಡಂ, ಮೊನ್ನೆಯೇ.
ಈ ದರ್ಜೆಯ ರಸ್ತೆಗೆ ಅಹವಾಲು ಸಭೆ ಬೇಡವಂತೆ.
ಸಭೆ ಇಲ್ಲ ಅಂದಮೇಲೆ ಕನ್ನಡ ಯಾಕೆ?'
ಒಳ್ಳೆಯವನೇ. ಅರ್ಧ ದುಡ್ಡು ಎಣಿಸಿಕೊಟ್ಟ,
ಸಾವಿರದ ಇನ್ನೂರ ಅರವತ್ತು,
ಮೇಲೊಂದು ಕಾಫಿ.

ಕೆಂಪಾಜಮ್ಮನ ಹತ್ತಿರ ಫೋನಿಲ್ಲ.
ಇಪ್ಪತ್ತೆಂಟು ಪುಟ ಚೀಲದಲ್ಲಿಟ್ಟು ಮತ್ತೆ ಅದೇ ಬಸ್ಸು.
ಸಭೆ ರದ್ದಾಗಿಲ್ಲ, ಮುಂದಕ್ಕೆ ಹೋಗಿಲ್ಲ,
ಬೇಕೇ ಇರಲಿಲ್ಲ ಎಂದಾಗಿದೆ.
ಇದನ್ನು ಕುರಿ ಒಪ್ಪಿಸಿ ಬರಲಿರುವವರಿಗೆ ಹೇಳುವುದು ಹೇಗೆ?
ನಿಘಂಟು ಮನೆಯಲ್ಲಿದೆ.

ಕಳಸ್ತವಾಡಿ ದಾಟುವಾಗ ಕಂಡಕ್ಟರು
ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ.
ಹೆಂಗಸರಿಗೆ ಪುಕ್ಕಟೆಯಲ್ಲವೇ, ಚೀಟಿ ಯಾತಕ್ಕೆ, ಎಂದೆ.
'ಇಟ್ಕೊಳ್ಳಿ ಅಕ್ಕ,' ಎಂದ, ಮುಂದಿನ ಸೀಟಿಗೆ ಸರಿಯುತ್ತ,
'ಸೊನ್ನೆಯಾದ್ರೂ ಲೆಕ್ಕಕ್ಕೆ ಬೇಕು.'